ಪಾಸ್‌ಪೋರ್ಟಿಗೆ ಬೇಕಾದ ಹೆಸರು

ನಾನು ನಿಂತಿದ್ದದ್ದು ಗೋಕಾಕದ ಮಾಮಲೇದಾರ ಕಚೇರಿಯ ಒಳಬಾಗಿಲಿನ ಎಡಗಡೆ, ಗೋಡೆಗೆ ಒರಗಿ. ಎರಡನೇ ಮಹಾಯುದ್ಧ ಸುರುವಾಗುವ ಹಿಂದಿನ ವರ್ಷ, ಯುಗಾದಿ ಮುಗಿದು ವಾರವಾಗಿತ್ತು. ಅಲ್ಲಿಂದ ನನ್ನ ತಂಗಿಯ ಬೆನ್ನು, ಮಾಮಲೇದಾರ ಸಾಹೇಬರ ಮುಖ ಎರಡೂ ಕಾಣುತ್ತಿದ್ದವು.

ತಂಗಿಯನ್ನು ಮೂಡಲಗಿಗೆ ಕೊಟ್ಟಿದ್ದೆವು. ಗಂಡ ಮೊಂಬಾಸಾದಲ್ಲಿ ಬಡಿಗತನ ಮಾಡುತ್ತಿದ್ದ. ಮದುವೆಯಾದ ತಿಂಗಳಿಗೇ ಹೋದವನು ಈಗ ಆಕೆಗೆ ಬಾ ಎಂದು ಬರೆದಿದ್ದ. ಪಾಸ್‌ಪೋರ್ಟಿಲ್ಲದೆ ಮುಂಬಯಿಯಲ್ಲಿ ಹಡಗು ಹತ್ತಿಸುವುದಿಲ್ಲ. ಅದರ ಅರ್ಜಿಗೆ ಸಾಹೇಬರ ಸಹಿ ಬೇಕು. ಸುಳ್ಳು ಹೇಳಿ ಹೆಂಗಸರನ್ನು ಸಾಗಿಸುವವರಿದ್ದರಂತೆ. ಆದ್ದರಿಂದ ಗಂಡನ ಹೆಸರನ್ನು ಆಕೆಯೇ ಬಾಯಿಬಿಟ್ಟು ಹೇಳಬೇಕು, ಜಾಮೀನಾಗುವ ಮಾವ ಎದುರಿಗಿರಬೇಕು ಎಂದರು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಮಾವನ ಮುಂದಂತೂ ಸೊಸೆ ದನಿಯನ್ನೇ ತೆಗೆಯುವುದಿಲ್ಲ.

“ನಿನ್ನ ಗಂಡನ ಹೆಸರೇನವಾ?” ಸಾಹೇಬರು ಕೇಳಿದರು.

ತಂಗಿ ಸೆರಗನ್ನು ಇನ್ನಷ್ಟು ಕೆಳಗೆಳೆದಳು.

“ನಾ ಹೇಳತೇನ್ರಿ ಸಾಹೇಬರ, ನನ್ನ ಮಗಾ ಅಂವಾ,” ಎಂದು ಆಕೆಯ ಮಾವ ಕೈಮುಗಿದರು.

“ನಿಮ್ಮನ್ನ ಯಾರ್ ಕೇಳ್ಯಾರ್ರಿ? ಹಡಗ ಹತ್ತಾವ್ರು ನೀವೇನು?”

ಕಚೇರಿಯ ಸಿಪಾಯಿ ನಕ್ಕ. “ಒಡಪಿನ್ಯಾಗರ ಹೇಳವಾ. ಮದಿವ್ಯಾಗ ಹೊಸ್ತಿಲದಾಗ ನಿಂತು ಹೇಳಿಲ್ಲೇನು?”

ಒಡಪಿನಲ್ಲಿ, ಅಂದರೆ ಪದ್ಯದೊಳಗೆ ಸೇರಿಸಿ, ಗಂಡನ ಹೆಸರು ಹೇಳಿದರೆ ದೋಷವಿಲ್ಲ. ತಂಗಿ ಸುರು ಮಾಡಿದಳು. ಬೆಳ್ಳಿ ಬಟ್ಟಲು, ಹಾಲು, ಸಕ್ಕರೆ ಬಂದವು. ಹೆಸರಿನ ಹತ್ತಿರ ದನಿ ನಿಂತುಹೋಯಿತು. ಮಾವ ಮುಂದೆಯೇ ಇದ್ದರಲ್ಲ.

ಸಾಹೇಬರು ಅರ್ಜಿಯನ್ನು ಬಾಜೂಕ್ಕಿಟ್ಟರು. “ಗುರುತು ಸಿಗಲಿಲ್ಲಂತ ಬರೀತೇನಿ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ.”

ನನ್ನ ನಾಲಿಗೆಯ ತುದಿಯಲ್ಲಿ ಆ ಹೆಸರಿತ್ತು. ನಾನು ಹೇಳಿದರೆ ಕೆಲಸ ಕೆಡುತ್ತಿತ್ತು.

ಆಗ ಆಕೆಯ ಮಾವ ಗೋಡೆಯ ಕಡೆ ತಿರುಗಿದರು. ರುಮಾಲು ಬಿಚ್ಚಿದರು. ಎರಡೂ ಕಿವಿ ಮುಚ್ಚುವ ಹಾಗೆ ಅದನ್ನು ಮತ್ತೆ ಬಿಗಿಯಾಗಿ ಸುತ್ತಿಕೊಂಡರು. ಅವರ ಬರಿದಲೆಯನ್ನು ನಾನು ನೋಡಿದ್ದು ಅದೊಂದೇ ಸಲ.

ತಂಗಿ ಹೆಸರು ಹೇಳಿದಳು. ಒಡಪಿಲ್ಲದೆ, ಬರೀ ಹೆಸರು. ಸಿಪಾಯಿ ನಗಲಿಲ್ಲ. ಸಾಹೇಬರು ಸಹಿ ಮಾಡಿದರು.

ಮರಳುವಾಗ ಚಕ್ಕಡಿಯಲ್ಲಿ ನನ್ನ ತೋಳು ಹಿಡಿದು ಕೇಳಿದಳು: “ಅಣ್ಣಾ, ಅವರಿಗೇನೂ ಆಗೂದಿಲ್ಲಲ್ಲ?”

“ಇಲ್ಲವಾ,” ಎಂದೆ. ನನಗೇನು ಗೊತ್ತಿತ್ತು? ಆಕೆ ಮೊಂಬಾಸಾ ಮುಟ್ಟಿದ, ಗಂಡ ಸುಖವಾಗಿರುವ ಸುದ್ದಿ ಬರುವವರೆಗೆ ನನಗೆ ಊಟ ಸೇರಲಿಲ್ಲ.

ಆಕೆಯ ಮಾವ ಈಗಿಲ್ಲ, ಸಾಹೇಬರೂ ಇಲ್ಲ. ಸಿಪಾಯಿ ಘೋಡಗೇರಿಯ ಮಗಳ ಮನೆಯಲ್ಲಿದ್ದಾನೆ, ಕೇಳಿದರೆ ಹೇಳುತ್ತಾನೆ. ತಂಗಿ ಇದ್ದಾಳೆ. ಆಕೆಯ ಗಂಡನೂ ಇದ್ದಾನೆ.