ಆಮೆಯ ಸವಾರಿಗೆ ಎರಡು ಬೆರಳು ಕಡಿಮೆ

ಕುರಿ ಕೊಳ್ಳಲು ಹೋದವರು ಮೊದಲು ಕುರಿಯನ್ನು ನೋಡಬಾರದು, ಅದರ ಕಾಲ ಕೆಳಗಿನ ನೆಲವನ್ನು ನೋಡಬೇಕು. ಮಾರುವವನು ಟಗರಿನ ಮುಂಗಾಲನ್ನು ಒಂದಿಷ್ಟು ದಿಬ್ಬದ ಮೇಲೆ ನಿಲ್ಲಿಸಿರುತ್ತಾನೆ. ಎರಡು ಬೆರಳು ಎತ್ತರ ಹೆಚ್ಚಾಗಿ ಕಂಡರೆ ಸಾಕು, ಟಗರಿನ ಎದೆ ಉಬ್ಬುತ್ತದೆ, ಕೊಳ್ಳುವವನ ಆಸೆಯೂ ಉಬ್ಬುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸಂತೆಗಳಲ್ಲಿ ನಲವತ್ತು ವರ್ಷ ಕುರಿ ವ್ಯಾಪಾರ ಮಾಡಿದ ನಾನು ಈ ಬುದ್ಧಿವಾದವನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಮಾರುವಾಗ ನಾನೂ ದಿಬ್ಬ ಹುಡುಕಿದವನೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮನುಷ್ಯರ ಕಾಲ ಕೆಳಗೆ ದಿಬ್ಬ ಇಟ್ಟದ್ದು ಒಂದೇ ಸಲ. ಆ ಕಾಲು ನನ್ನ ಮೊಮ್ಮಗಳದು.

ಮಗಳು, ಅಳಿಯ ಇಬ್ಬರೂ ಚಿತ್ರದುರ್ಗದಲ್ಲಿ ಕೆಲಸಕ್ಕೆ ಹೋಗುವವರು. ರಜೆ ಬಂದರೆ ಮೊಮ್ಮಗಳು ಐಮಂಗಲಕ್ಕೆ, ನಮ್ಮ ಮನೆಗೆ. ಎಂಟು ವರ್ಷದ ಹುಡುಗಿ. ಅವಳಿಗೆ ಒಂದು ಕಾರ್ಟೂನ್ ಸಿನಿಮಾ ಎಂದರೆ ಪ್ರಾಣ. ದಾರಿ ತಪ್ಪಿದ ಒಂದು ಮೋಡದ ಮರಿ, ಅದನ್ನು ಬೆನ್ನ ಮೇಲೆ ಕೂರಿಸಿಕೊಂಡು ಬೆಟ್ಟ ಹತ್ತುವ ಒಂದು ಮುದಿ ಆಮೆ, ಇಷ್ಟೇ ಕಥೆ. ಕೊನೆಗೆ ಮೋಡ ಬೆಟ್ಟದ ತುದಿಯಿಂದ ಹಾರಿಹೋಗುತ್ತದೆ, ಆಮೆ ತಿರುಗಿ ನೋಡದೆ ಇಳಿದುಬರುತ್ತದೆ. ಅವಳು ಅದನ್ನು ನಮ್ಮ ಟಿವಿಯಲ್ಲಿ ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ನಾನು ಪ್ರತಿ ಸಲವೂ ಪಕ್ಕದಲ್ಲಿ ಕೂರುತ್ತಿದ್ದೆ, ಪ್ರತಿ ಸಲವೂ ಬೆಟ್ಟದ ಅರ್ಧಕ್ಕೆ ನಿದ್ದೆ ಹೋಗುತ್ತಿದ್ದೆ.

ಅವಳಿಗೆ ನಾನು ಕಲಿಸಿದ ಆಟವೂ ಒಂದಿತ್ತು. ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಅದುಮಿ ಹೇಳುತ್ತೇವೆ. ಬಾಯಿ ಮಳೆ, ಬಸ್ಸು, ಬೀಗರ ಸುದ್ದಿ ಮಾತಾಡುತ್ತಿರುತ್ತದೆ, ವ್ಯಾಪಾರ ಬೆರಳಿನದು. ಒಪ್ಪಿಗೆಯಾದರೆ ಎದುರಿನವನ ಕೈಯನ್ನು ಮುಷ್ಟಿ ಮಡಿಸಿ ಒತ್ತಿದರೆ ಆಯಿತು, ಮತ್ತೆ ಬದಲಿಲ್ಲ. ಊಟಕ್ಕೆ ಮುಂಚೆ ಎಷ್ಟು ಹಪ್ಪಳ, ಮಲಗುವ ಮುಂಚೆ ಎಷ್ಟು ಕಥೆ ಎಂದು ನಾವಿಬ್ಬರೂ ಹೀಗೇ ತೀರ್ಮಾನ ಮಾಡುತ್ತಿದ್ದೆವು.

ಬೆಂಗಳೂರು ಕಡೆಯ ಒಂದು ಪಾರ್ಕಿನಲ್ಲಿ ಆ ಸಿನಿಮಾದ ಸವಾರಿ ಶುರುವಾಗಿದೆ ಎಂಬ ಸುದ್ದಿಯನ್ನು ಅವಳೇ ತಂದಳು. ಆಮೆಚಿಪ್ಪಿನ ಆಕಾರದ ಗಾಡಿಯಲ್ಲಿ ಕೂತರೆ ಅದು ಬೆಟ್ಟ ಹತ್ತಿ, ಮೋಡದೊಳಗೆ ನುಗ್ಗಿ, ಒಂದೇ ಏಟಿಗೆ ಕೆಳಗೆ ಇಳಿಯುತ್ತದಂತೆ. ಮೊಬೈಲಿನಲ್ಲಿ ನೋಡಿದಾಗ ಒಂದು ಷರತ್ತೂ ಕಂಡಿತು: ಇಷ್ಟು ಎತ್ತರ ಇರದ ಮಕ್ಕಳಿಗೆ ಪ್ರವೇಶವಿಲ್ಲ. ಪಡಸಾಲೆಯ ಕಂಬಕ್ಕೆ ನಿಲ್ಲಿಸಿ ಅಳೆದೆ. ಎರಡು ಬೆರಳು ಕಡಿಮೆ.

ಅವಳು ಅಳಲಿಲ್ಲ. ಕಂಬಕ್ಕೆ ಇನ್ನೂ ಬೆನ್ನು ಒತ್ತಿ, ಕತ್ತು ಎತ್ತಿ ಎತ್ತಿ ನಿಂತಳು. ಅದನ್ನು ನೋಡಲಾಗಲಿಲ್ಲ.

"ಬಿಡವ್ವ, ಎರಡ್ ಬೆರಳಿಗೆ ಯಾರ್ ತಲೆ ಕೆಡಿಸ್ಕಂತಾರೆ" ಎಂದು ಹಳೆಯ ಡಬ್ಬದ ರಟ್ಟು ಕತ್ತರಿಸಿ, ಮಡಿಸಿ ಅವಳ ಬೂಟಿನೊಳಗೆ ಇಟ್ಟೆ.

"ತಾತ, ಇದು ಮೋಸ ಅಲ್ವಾ?"

"ಮೋಸ ಅಲ್ಲ ಕಣವ್ವ, ವ್ಯಾಪಾರ."

ಅಡಿಗೆಮನೆಯಿಂದ ಅವಳಜ್ಜಿ, "ಆ ಮಗೀನೂ ಕುರಿ ಮಾಡಿದ್ರಾ? ಬರ್ತಾ ಹಲ್ಲು ಎಣಿಸಿ ಮಾರಿ ಬಂದ್ಬಿಟ್ಟೀರಾ" ಎಂದಳು. ನಾನು ನಕ್ಕೆ.

ಬೆಳಗಿನ ಬಸ್ಸು ಹತ್ತಿ ಹೊರಟೆವು. ಪಾರ್ಕಿನ ಬಾಗಿಲಲ್ಲೇ ನನಗೆ ದಿಗಿಲಾಯಿತು. ಚಿಕ್ಕ ಮಕ್ಕಳ ಜಾಗ ಅಂದುಕೊಂಡಿದ್ದೆ. ಅಲ್ಲಿ ಸರತಿಯಲ್ಲಿ ಅರ್ಧಕ್ಕರ್ಧ ಮೀಸೆ ಬಂದವರು, ಮದುವೆಯಾದವರು. ಬೆನ್ನಿಗೆ ಆಮೆಚಿಪ್ಪಿನ ಚೀಲ, ತಲೆಗೆ ಹತ್ತಿ ಅಂಟಿಸಿದ ಮೋಡದ ಟೋಪಿ. ಹೊರಗೆ ಮಾರುತ್ತಿದ್ದ ಅಂಥದೇ ಟೋಪಿಯನ್ನು ನಾನು ಚೌಕಾಸಿ ಮಾಡಿ ಕೊಳ್ಳುವಷ್ಟರಲ್ಲಿ, ಪಕ್ಕದವರು ಕೇಳಿದಷ್ಟು ಕೊಟ್ಟು ಮೂರು ಹಾಕಿಕೊಂಡು ಹೋದರು. ಅವರಿಗೆ ಬುದ್ಧಿ ಹೇಳೋಣ ಎಂದುಕೊಂಡೆ. ಆದರೆ ಅವರ ಮುಖ ನೋಡಿದರೆ ಮೋಸಹೋದವರ ಮುಖದಂತಿರಲಿಲ್ಲ.

ಬೇಕು ಎಂಬುದನ್ನು ಮುಖದ ಮೇಲೆ ತೋರಿಸಿದವನು ಸಂತೆಯಲ್ಲಿ ಸೋತ ಹಾಗೆ. ಇದು ನನ್ನ ಮೊದಲ ಪಾಠ, ನಾನು ಮೇಲೆ ಬಂದದ್ದೇ ಇದರಿಂದ. ಒಳ್ಳೆಯ ಟಗರು ಕಂಡಾಗ ಆಕಳಿಸುತ್ತೇನೆ. ಹೆಣ್ಣು ನೋಡಲು ಹೋದಾಗಲೂ ಆಕಳಿಸಿದ್ದೆನಂತೆ, ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಅಂಥವನ ಸುತ್ತ ಅಷ್ಟು ಜನ ಬೇಕು ಬೇಕು ಎಂದು ಮುಖ ಬಿಚ್ಚಿ ನಿಂತಿದ್ದರು. ಒಬ್ಬ ಸಿನಿಮಾದ ಆಮೆ ಆಡುವ ಮಾತು ಶುರು ಮಾಡಿದರೆ ಗುರುತೇ ಇಲ್ಲದ ಇನ್ನೊಬ್ಬ ಅದನ್ನು ಮುಗಿಸುತ್ತಿದ್ದ. ನನ್ನ ಮೊಮ್ಮಗಳು ಅವರ ನಡುವೆ ತನ್ನ ಊರಿಗೆ ಬಂದವಳ ಹಾಗೆ ಮಾತಾಡುತ್ತಿದ್ದಳು.

ಅಳತೆಯ ಕೋಲಿನ ಹತ್ತಿರ ನಿಂತಿದ್ದವನು ಅವಳ ತಲೆಯನ್ನಷ್ಟೇ ನೋಡಿದ. ಕಾಲು ನೋಡಲಿಲ್ಲ. 'ಕಲೀಬೇಕು ಕಣಪ್ಪ ನೀನು' ಎಂದು ಮನಸ್ಸಿನಲ್ಲೇ ಅಂದುಕೊಂಡು ಒಳಗೆ ಹೋದೆ.

ಗಾಡಿಯಲ್ಲಿ ಇಬ್ಬಿಬ್ಬರಿಗೆ ಒಂದು ಆಸನ, ಇಬ್ಬರಿಗೂ ಸೇರಿ ತೊಡೆಯ ಮೇಲೆ ಇಳಿಯುವ ಒಂದೇ ಕಬ್ಬಿಣದ ಕಂಬಿ. ಕಂಬಿ ಇಳಿದು ನನ್ನ ಹೊಟ್ಟೆಗೆ ತಾಗಿ ನಿಂತಿತು. ಕೆಲಸದವನು ಬಂದು ಎಳೆದು ನೋಡಿದ. ಬಿಗಿಯಾಗಿತ್ತು, ಮುಂದಕ್ಕೆ ಹೋದ. ಹಿಂದಿನ ಸಾಲಿನವರು ಆಗಲೇ ಸಿನಿಮಾದ ಹಾಡು ಹೇಳುತ್ತಿದ್ದರು. ನಾನು ಪಕ್ಕಕ್ಕೆ ನೋಡಿದೆ. ಕಂಬಿಗೂ ಹುಡುಗಿಗೂ ನಡುವೆ ಜಾಗ ಇತ್ತು. ಗೇಣು ಹಾಕಿದೆ. ಒಂದು ಗೇಣು ತುಂಬಿಯೂ ಉಳಿಯಿತು. ಕೆಳಗೆ ಅವಳ ಕಾಲು ನೆಲಕ್ಕೆ ಎಟುಕದೆ ತೂಗುತ್ತಿತ್ತು.

ಅಳತೆಯ ಕೋಲಿಗೆ ಎರಡು ಬೆರಳು ಮಾರಬಹುದು. ಈ ಕಂಬಿಗೆ ಏನು ಮಾರಲಿ?

ಹೆಗಲ ಮೇಲಿನ ಟವೆಲ್ ಎಳೆದು ಬೀಸಿದೆ. "ನಿಲ್ಲಿಸ್ರಿ! ಸ್ವಾಮಿ, ನಿಲ್ಲಿಸ್ರಿ!"

ಹಾಡು ನಿಂತಿತು. ಹಿಂದಿನಿಂದ ಮೋಡದ ಟೋಪಿಯ ಒಬ್ಬ ತರುಣ, "ಯಜಮಾನ್ರೇ, ಇನ್ನೂ ಹೊರಟೇ ಇಲ್ಲ, ಆಗ್ಲೇ ಇಳೀತೀರಾ?" ಎಂದ. ಎಲ್ಲರೂ ನಕ್ಕರು. ಮೇಲ್ವಿಚಾರಣೆಯ ಹೆಣ್ಣುಮಗಳು ಓಡಿಬಂದು, "ಭಯ ಆಯ್ತಾ ಅಜ್ಜಾರೆ?" ಎಂದು ಕೇಳಿದಳು.

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಅವಳು ಮಗುವನ್ನು ಬೇರೆ ಯಾರ ಪಕ್ಕದಲ್ಲೋ ಕೂರಿಸಿ ಕಳಿಸಿಬಿಡುತ್ತಾಳೆ.

"ಮಗು ಎತ್ತರ ಸಾಲ್ದು ಕಣಮ್ಮ. ಬೂಟ್ನಾಗೆ ರಟ್ಟು ಐತೆ. ಇಟ್ಟಿದ್ದು ನಾನೇ."

ಯಾರೂ ನಗಲಿಲ್ಲ. ಆ ಹೆಣ್ಣುಮಗಳು ಏನೂ ಬೈಯಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು. ಬೂಟು ಬಿಚ್ಚಿಸಿ, ರಟ್ಟು ತೆಗೆದು ನನ್ನ ಕೈಗೆ ಕೊಟ್ಟು, "ನೀವು ಬೇಕಾದ್ರೆ ಕುಂತ್ಕಳ್ರಿ, ಮಗು ನಮ್ಮ ಹತ್ರ ಇರ್ಲಿ" ಎಂದಳು.

ನಾನು ಮೊಮ್ಮಗಳಿಗೆ, "ನೋಡ್ಕಂಡ್ ಬಂದು ಹೇಳ್ಲೇನವ್ವ?" ಎಂದೆ.

"ನಿಂಗೇನ್ ಗೊತ್ತಾಗ್ತೈತೆ? ನೀನು ಬೆಟ್ಟದ ಹತ್ರ ನಿದ್ದೆ ಮಾಡ್ತೀಯ" ಎಂದಳು. ಅದಾದ ಮೇಲೆ ನನ್ನ ಜೊತೆ ಮಾತು ಬಿಟ್ಟಳು.

ನಾನೂ ಇಳಿದೆ. ಹೊರಗೆ ಬಂದು ಮನೆಗೆ ಹೋಗಾಣ ಎಂದರೆ ಕದಲಲಿಲ್ಲ. ಸವಾರಿ ಮುಗಿಸಿದವರು ಹೊರಬರುವ ಬಾಗಿಲಿನ ಮುಂದೆ ಹೋಗಿ ನಿಂತಳು. ನಾನು ಹತ್ತು ಹೆಜ್ಜೆ ಹಿಂದೆ, ಕೈಯಲ್ಲಿ ರಟ್ಟು ಹಿಡಿದು. ಮೊದಲು ಹೊರಬಂದವನು ಅದೇ ಟೋಪಿಯ ತರುಣ, ಜೊತೆಗೆ ಅವನ ಗೆಳೆಯ.

"ಅಣ್ಣ, ಕೊನೇಲಿ ಆಮೆ ತಿರುಗಿ ನೋಡ್ತಾ?"

"ನೋಡ್ತು ಪುಟ್ಟಿ! ನಾನಂತೂ ಅತ್ತೇಬಿಟ್ಟೆ." ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಗೆಳೆಯ ರೇಗಿದ. "ಲೇ, ಸಿನಿಮಾದಾಗೆ ಅದು ನೋಡಲ್ಲ ಕಣೋ. ನೋಡ್ಸಿ ಕೆಡಿಸಿಬಿಟ್ರು."

"ಖುಷಿ ಪಡಾಕೆ ಬಂದಿದೀವಿ, ನಿನ್ ಸಿನಿಮಾ ಮನೇಲಿ ಇಟ್ಕ."

ಆ ತರುಣ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎಲ್ಲಿ ಹತ್ತಿತು, ಎಲ್ಲಿ ಕತ್ತಲಾಯಿತು, ಮೋಡದ ಮರಿ ಎಡಗಡೆಯಿಂದ ಬಂತೋ ಬಲಗಡೆಯಿಂದಲೋ ಎಲ್ಲವನ್ನೂ ಕೈಯಾಡಿಸಿ ಹೇಳಿದ. ಆಮೇಲೆ ಬಂದ ನಡುವಯಸ್ಸಿನ ಒಬ್ಬರು, ಮಳೆ ಬೀಳುವ ಹೊತ್ತಿಗೆ ಮಣ್ಣಿನ ವಾಸನೆ ಬಿಟ್ಟರೆಂದರು. ಒಬ್ಬಾಕೆ, "ನಾನು ಕಣ್ಣೇ ಬಿಡ್ಲಿಲ್ಲ ಮಗಳೇ, ದೇವ್ರ ಹೆಸರು ಹೇಳ್ಕಂಡ್ ಕುಂತಿದ್ದೆ" ಎಂದು ನಗಿಸಿದಳು. ಇನ್ನೊಬ್ಬ ಹುಡುಗಿ ಆಮೆ ತಿರುಗಲೇ ಇಲ್ಲ, ಬರೀ ನಿಂತಿತು ಎಂದು ಆಣೆ ಇಟ್ಟಳು. ಸವಾರಿ ಒಂದೇ, ಬಂದವರೆಲ್ಲ ಬೇರೆ ಬೇರೆ ಹೇಳಿದರು. ಕೊಟ್ಟ ದುಡ್ಡಿಗೆ ಸರಿಹೋಯಿತು ಎಂದಾಗಲಿ, ಹೋಗಲಿಲ್ಲ ಎಂದಾಗಲಿ ಯಾರೂ ಹೇಳಲಿಲ್ಲ. ನಾನು ಅದನ್ನೇ ಕಾಯುತ್ತಿದ್ದೆ, ಅದೊಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಬಂತು.

ಅವಳು ಎಲ್ಲರ ಮಾತನ್ನೂ ಕೇಳಿ ಕೊನೆಗೆ ಆ ಗೆಳೆಯನ ಕಡೆ ಸೇರಿದಳು. "ತಿರುಗಿ ನೋಡ್ಬಾರ್ದು. ನೋಡಿದ್ರೆ ಮೋಡಕ್ಕೆ ಹೋಗಕ್ಕೆ ಮನಸ್ಸು ಬರ್ತಿರ್ಲಿಲ್ಲ. ನಾನೇ ಒಂದ್ಸಲ ನೋಡ್ಬೇಕು." ಹೇಳಿದ್ದು ಅವರಿಗೆ, ನನಗಲ್ಲ.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿ ಕಡೆ, ನಾನು ಈ ಕಡೆ. ವ್ಯಾಪಾರ ಮುರಿದುಬಿದ್ದರೆ ಎದುರಿನವನನ್ನು ಮಾತಾಡಿಸಬೇಡಿ, ಅವನಾಗಿಯೇ ಬರಲಿ ಎಂದು ಎಷ್ಟು ಜನಕ್ಕೆ ಹೇಳಿಲ್ಲ ನಾನು. ಹಾಗೆ ಕಾಯುವುದು ಎಷ್ಟು ಕಷ್ಟ ಎಂದು ಮಾತ್ರ ಹೇಳಿರಲಿಲ್ಲ. ಗೊತ್ತಿರಲಿಲ್ಲ.

ಹಿರಿಯೂರು ಹತ್ತಿರವಾದಾಗ ನನ್ನ ಹೆಗಲಿನ ಟವೆಲ್ ಜಾರಿತು. ಜಾರಿದ್ದಲ್ಲ, ಅವಳು ಎಳೆದಿದ್ದಳು. ಕಿಟಕಿಯಾಚೆ ನೋಡುತ್ತಲೇ ಅದನ್ನು ನಮ್ಮಿಬ್ಬರ ಕೈ ಮೇಲೆ ಹೊದಿಸಿ, ಒಳಗೆ ನನ್ನ ಎರಡು ಬೆರಳು ಅದುಮಿದಳು. ಎರಡು. ಬೆಳೆಯಬೇಕಾದದ್ದು ಅಷ್ಟು, ಬರಿಗಾಲಿನಲ್ಲಿ ಅಳೆದು; ಆಮೇಲೆ ಮತ್ತೆ ಸವಾರಿಗೆ.

ಅಭ್ಯಾಸ ಬಲ. ನಾನು ತಿರುಗಿಸಿ ಅವಳ ಒಂದು ಬೆರಳು ಅದುಮಿದೆ.

ಅವಳು ಕೈ ಕಿತ್ತುಕೊಂಡು, ಮತ್ತೆ ಎರಡನ್ನೂ ಉಗುರು ನಾಟುವಂತೆ ಒತ್ತಿದಳು. ಬಾಯಿ ಮಾತ್ರ, "ತಾತ, ಹಿರಿಯೂರು ಬಂತಾ?" ಎಂದು ಕೇಳಿತು.

"ಬಂತು ಕಣವ್ವ" ಎಂದು ಅವಳ ಮುಷ್ಟಿ ಮಡಿಸಿ ಒತ್ತಿದೆ.