ಹನ್ನೊಂದು ಮಂದಿ ಮನುಷ್ಯರು

ಮೇಸ್ತ್ರಮ್ಮನ ಎಡಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಬಲಗಿವಿಯಲ್ಲಿ ಕೆಂಪು ಕಲ್ಲಿನ ಓಲೆ. ಎಡಗಿವಿಯಲ್ಲಿ ಜೋಲುವ ಚರ್ಮದ ಎರಡು ತುಣುಕು. ಚಿಕ್ಕವರಿದ್ದಾಗ ಕರುವಿನ ಹಗ್ಗಕ್ಕೆ ಓಲೆ ಸಿಕ್ಕಿ ಹರಿದಿದ್ದಂತೆ. ಹೊಲಿಸಿಕೊಳ್ಳಬಹುದಿತ್ತಲ್ಲ ಎಂದರೆ, "ಕೇಳಿಸ್ತೈತಲ್ಲ, ಸಾಕು" ಎನ್ನುತ್ತಿದ್ದರು. ನಿಜಕ್ಕೂ ಕೇಳಿಸುತ್ತಿತ್ತು. ಜನ ಆಡುವ ಮಾತಿನ ಕಟ್ಟಕಡೆಯ ಅಕ್ಷರ ಕೂಡ ಅವರ ಕಿವಿ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

ಬಲಸಮುದ್ರವೆಂಬ ಊರಿನಾಚೆಯ ಬಯಲಿನಲ್ಲಿ ಸಾಲುಗಟ್ಟಿ ನಿಂತ ಸೋಲಾರ್ ಗಾಜುಗಳನ್ನು ತೊಳೆಯುವ ಹೆಂಗಸರ ತಂಡಕ್ಕೆ ಅವರು ಮೇಸ್ತ್ರಿ. ಉದ್ದ ಕೋಲಿನ ಬ್ರಷ್ಷು ಹಿಡಿದು, ನೀರಿನ ಪೈಪು ಎಳೆದುಕೊಂಡು, ಬಿಸಿಲು ಕಾಯುವ ಮೊದಲೇ ಸಾಲುಗಳ ನಡುವೆ ಇಳಿಯಬೇಕು. ಅವರನ್ನು ಬಿಟ್ಟು ತಂಡದಲ್ಲಿ ಹನ್ನೊಂದು ಮಂದಿ. ನಾನು ಗುತ್ತಿಗೆದಾರನ ಕಡೆಯ ರೈಟರ್, ಅಂದರೆ ಹಾಜರಿ ಬರೆಯುವವನು. ಕನ್ನಡದಲ್ಲಿ ಎಂ.ಎ. ಮುಗಿಸಿ, ಮೇಷ್ಟ್ರ ಕೆಲಸದ ಪರೀಕ್ಷೆ ಬರೆದು, ಮಿಡಿಗೇಶಿಯ ಮನೆ ಬಿಟ್ಟು ಪಾವಗಡದಲ್ಲೊಂದು ರೂಮು ಹಿಡಿದು ಫಲಿತಾಂಶಕ್ಕೆ ಕಾಯುತ್ತಿದ್ದೆ.

ರಿಜಿಸ್ಟರಿನಲ್ಲಿ ಎರಡೇ ಕಾಲಂ: ಗಂಡಾಳು, ಹೆಣ್ಣಾಳು. ಮೊದಲ ದಿನವೇ ಪೆನ್ನು ತೆಗೆದು ಕೇಳಿದೆ, "ಹೆಣ್ಣಾಳು ಎಷ್ಟು ಬಂದವೆ?"

"ಯಾವೂ ಬರ್ಲಿಲ್ಲ" ಎಂದರು ಮೇಸ್ತ್ರಮ್ಮ.

ಅವರ ಹಿಂದೆ ಹೆಂಗಸರು ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. "ಮತ್ತೆ ಇವು?" ಎಂದೆ.

"ಇವು ಬಕೀಟು. ಅವು ಬ್ರಷ್ಷು. ಇವ್ರು ಹನ್ನೊಂದು ಮಂದಿ ಮನುಷ್ರು. ಬಂದವ್ರೆ. ಬರ್ಕೊ ರೈಟ್ರಪ್ಪ."

ನನಗೆ ನಗು ಬಂತು. ಓದಿದ ಜಂಬ ಬೇರೆ. ಆಳು ಎನ್ನುವ ಪದವನ್ನು ಹಾಗೆ ನಪುಂಸಕ ಲಿಂಗದಲ್ಲಿ ಬಳಸುವುದು ರೂಢಿ ಎಂದು ವಿವರಿಸಲು ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿಮ್ಮಪ್ಪ ಹೊಲದಾಗೆ ಕೆಲ್ಸ ಮಾಡಿ ಮನೀಗೆ ಬಂದ್ರೆ ಏನಂತೀಯ? ಅಪ್ಪ ಬಂತು ಅಂತೀಯಾ?" ಎಂದರು. ಹೆಂಗಸರು ನಕ್ಕರು. ನಾನು ಹೆಣ್ಣಾಳಿನ ಕಾಲಂನಲ್ಲಿ 11 ಎಂದು ಬರೆದೆ.

ಅವರ ಮನೆಮಾತು ಅರ್ಧ ತೆಲುಗು. ಆ ಕಡೆ ಹೆಣ್ಣಿಗೂ ಗಂಡಿಗೂ 'ಮನಿಷಿ' ಎಂಬ ಒಂದೇ ಮಾತು. "ನಿಮ್ ಕನ್ನಡದಾಗೆ ಮನುಷ್ಯ ಅಂದ ತಕ್ಷಣ ಮೀಸೆ ಕಾಣ್ತೈತೆ ಕಣಪ್ಪ. ನಾವೆಲ್ಲಿಗೆ ಹೋಗಾಣ?" ಎಂದು ಒಮ್ಮೆ ಕೇಳಿದರು. ಐದು ವರ್ಷ ವ್ಯಾಕರಣ ಓದಿದ ನನಗೆ ಆ ಪ್ರಶ್ನೆ ಎಂದೂ ಹೊಳೆದಿರಲಿಲ್ಲ.

ಅಕ್ಕನ ಮದುವೆಗೆ ತಂಡದವರನ್ನೆಲ್ಲ ಕರೆದಿದ್ದೆ. ಬಸ್ಸು ಬದಲಿಸಿಕೊಂಡು ಮಿಡಿಗೇಶಿಗೆ ಬಂದವರು ಮೇಸ್ತ್ರಮ್ಮ ಒಬ್ಬರೇ. ನಮ್ಮದು ಕೋಟೆ ಕೆಳಗಿನ ಹಳೇ ಮನೆ. ನಮ್ಮಮ್ಮ ಅವರ ಊರು ಕೇಳಿದಳು, ಊರಲ್ಲಿ ಯಾವ ಬೀದಿ ಎಂದು ಕೇಳಿದಳು, ಆಮೇಲೆ ಚಪ್ಪರದ ಹೊರಗೆ ನಿಲ್ಲಿಸಿ ಬೊಗಸೆಗೆ ನೀರು ಹೊಯ್ದಳು. ನಮ್ಮ ನಾಯಿ ಆಗ ಹಜಾರದಲ್ಲಿ ಮಲಗಿತ್ತು. ನಾನು ನೋಡಿದೆ, ನೋಡದವನಂತೆ ಪಂಕ್ತಿಯ ಕಡೆ ಹೋದೆ. ಮೇಸ್ತ್ರಮ್ಮ ನಿಂತಲ್ಲಿಂದಲೇ ಅಕ್ಕನ ಕಡೆ ಅಕ್ಷತೆ ಹಾಕಿ ಉಣ್ಣದೆ ಹೊರಟುಹೋದರು.

ಎರಡು ದಿನ ಬಿಟ್ಟು ಸೈಟಿನಲ್ಲಿ ಯಾರೋ ಡ್ರೈವರು, ಮನುಷ್ಯರಿಗಿಂತ ನಾಯಿ ವಾಸಿ ಎಂದ. ಮೇಸ್ತ್ರಮ್ಮ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು: "ಅಂಗನ್ನೋರ ಮನೇಲಿ ನಾಯಿ ಒಳಗೆ ಮಲಿಕ್ಕಂಡಿರ್ತೈತೆ, ಮನಿಷಿ ಹೊರಗೆ ನಿಂತಿರ್ತಾಳೆ. ಮನುಷ್ರು ಕೆಟ್ಟೋರು ಅಂತ ಬೈಯೋದಾದ್ರೆ, ಮೊದ್ಲು ಎಲ್ಲಾರ್ನೂ ಮನುಷ್ರು ಅಂತ ಲೆಕ್ಕಕ್ಕೆ ತಗಳಿ. ಆಮೇಲೆ ಬೈಯಿರಿ." ಆ ಮಾತು ನನಗೆ ಎಂದು ಅವನಿಗೆ ಗೊತ್ತಾಗಲಿಲ್ಲ. ನಾನು ಕ್ಷಮೆ ಕೇಳಲಿಲ್ಲ. ಇವತ್ತಿಗೂ ನನ್ನ ಮೇಲೆ ನನಗಿರುವ ಸಿಟ್ಟು ಅಲ್ಲಿಂದ ಶುರುವಾಗುತ್ತದೆ.

ರಿಜಿಸ್ಟರಿನಲ್ಲಿ ಎಲ್ಲರ ಹೆಸರು ಬರೆಯಬೇಕು ಎಂದು ಅವರು ತಿಂಗಳುಗಟ್ಟಲೆ ಹೇಳಿದರು. "ಹೆಸರಿಗೆ ಕಾಲಂ ಇಲ್ಲ ಮೇಸ್ತ್ರಮ್ಮ" ಎನ್ನುತ್ತಿದ್ದೆ. ಸ್ಕೇಲು ಇಟ್ಟು ಒಂದು ಗೆರೆ ಎಳೆದಿದ್ದರೆ ಕಾಲಂ ಆಗುತ್ತಿತ್ತು. ಎಳೆಯಲಿಲ್ಲ.

ಆ ಬೇಸಿಗೆಯಲ್ಲಿ ಒಂದು ದಿನ, ಹತ್ತು ಗಂಟೆ ದಾಟಿತ್ತು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು ಸಾಲುಗಳ ನಡುವೆ ಕುಸಿದು ಬಿದ್ದಳು. ಮದುವೆಯಾಗಿ ಎರಡು ವರ್ಷವಾಗಿದ್ದ ಹೆಣ್ಣು. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು, ಕಣ್ಣು ಮೇಲಾಗಿತ್ತು. ಜೀಪು ಅಲ್ಲೇ ನಿಂತಿತ್ತು. ಆದರೆ ಗುತ್ತಿಗೆದಾರನನ್ನು ಕೇಳದೆ ಡ್ರೈವರು ಕದಲುವಂತಿರಲಿಲ್ಲ. ನಾನು ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

"ಒಂದು ಆಳು ಬಿತ್ತಾ? ಇನ್ನೊಂದು ಹಾಕ್ಕೊ. ಜೀಪು ಕಳಿಸಬ್ಯಾಡ, ಸಾಹೇಬ್ರನ್ನ ಕರ್ಕಂಬರಕ್ಕೆ ಬೇಕು. ನೆಳ್ಳಾಗೆ ಮಲಗ್ಸು, ಎದ್ದೇಳ್ತದೆ" ಎಂದ.

ಮೇಸ್ತ್ರಮ್ಮ ಫೋನು ಕಿತ್ತುಕೊಂಡರು. "ಬಿದ್ದಿದ್ದು ಕಂಬ ಅಲ್ಲ ಕಣಪ್ಪ, ಮನಿಷಿ! ಸಾಯ್ತಾಳೆ!" ಎಂದು ಕೂಗಿದರು. ಆ ಕಡೆ ಲೈನು ಕಟ್ಟಾಯಿತು. ನಾನು ಮತ್ತೆ ಫೋನು ಹಚ್ಚಿದೆ, ಅವನು ಎತ್ತಲಿಲ್ಲ. ಇನ್ನೊಂದು ಸಲ ನೋಡೋಣ, ಅನುಮತಿ ಇಲ್ಲದೆ ಹೆಂಗೆ ಎಂದು ನಾನು ತಡವರಿಸುತ್ತಿರುವಾಗ, ಅವರು ಆ ಹುಡುಗಿಯನ್ನು ಎತ್ತಿ ಜೀಪಿನಲ್ಲಿ ಮಲಗಿಸಿ, ಡ್ರೈವರನ ಅಂಗಿ ಹಿಡಿದು ಎಳೆದು ಸೀಟಿಗೆ ಕೂರಿಸಿದರು. "ಓಡ್ಸು. ನಿನ್ ಕೆಲ್ಸ ಹೋದ್ರೆ ನನ್ನ ಕೇಳು."

ಪಾವಗಡ ಮುಟ್ಟುವ ಮೊದಲೇ, ಮೇಸ್ತ್ರಮ್ಮನ ತೊಡೆಯ ಮೇಲೆ ಅವಳು ತೀರಿಕೊಂಡಳು.

ಮಧ್ಯಾಹ್ನ ಗುತ್ತಿಗೆದಾರ ಸೈಟಿಗೆ ಬಂದ. ರಿಜಿಸ್ಟರು ತೆಗೆಸಿ, ನನ್ನ ಭುಜದ ಮೇಲೆ ಕೈ ಹಾಕಿ, "ಇವತ್ತು ಹತ್ತೇ ಆಳು ಕಣ್ಲಾ. ತಿದ್ದು" ಎಂದ. ಕೆಲಸಕ್ಕೆ ಬರದವಳು ಸತ್ತರೆ ಅವನದೇನು ಹೊಣೆ? ತಿದ್ದಲು ಅಳಿಸಬೇಕಾದ ಹೆಸರೂ ಇರಲಿಲ್ಲ. ಹನ್ನೊಂದರ ಎರಡನೆಯ ಒಂದಕ್ಕೆ ಹೊಟ್ಟೆ ಬರೆದರೆ ಸೊನ್ನೆ. ಬರೆದೆ. ನನ್ನ ಕೈಯಾರೆ ಬರೆದೆ.

ಮಣ್ಣು ಮುಗಿಸಿ ಮರುದಿನ ಮೇಸ್ತ್ರಮ್ಮ ಬಂದರು. ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. ರಿಜಿಸ್ಟರು ತಿರುಗಿಸಿಕೊಂಡು ನೋಡಿದರು. ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಲಿಲ್ಲ. "ನಾಳೆ ಠಾಣೇಲಿ ಬರ್ಕೊಡಕ್ಕೆ ಹೋಗ್ತಿದೀವಿ. ನೀನು ಬಾ. ಉದ್ದಕ್ಕೆ ಏನೂ ಹೇಳಬ್ಯಾಡ. ಬಂದಿದ್ಲು ಅನ್ನು. ಅಷ್ಟೇ."

ರಾತ್ರಿಯೆಲ್ಲ ಹೆದರಿದೆ. ಬೆಳಿಗ್ಗೆ ಹೋದೆ. ಹತ್ತು ಮಂದಿ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಹೆಸರು, ಊರು ಹೇಳಿದರು. ಸತ್ತವಳ ಹೆಸರನ್ನು, ಅವಳ ತಂದೆತಾಯಿಯ ಹೆಸರಿನೊಡನೆ, ಮೇಸ್ತ್ರಮ್ಮ ಹೇಳಿದರು. ನನ್ನ ಸರದಿ ಬಂತು. "ಬಂದಿದ್ಲು ಸಾರ್. ಅಂಕಿ ತಿದ್ದಿದ್ದು ನಾನು" ಎಂದೆ.

ನನ್ನ ಕೆಲಸ ಅವತ್ತೇ ಹೋಯಿತು. ಆ ಹುಡುಗಿಯ ಮನೆಯವರಿಗೆ ಬಹಳ ಓಡಾಟದ ಮೇಲೆ ಪರಿಹಾರ ಸಿಕ್ಕಿತು. ಗುತ್ತಿಗೆದಾರನಿಗೆ ಏನೂ ಆಗಲಿಲ್ಲ. ಬೇರೆ ಹೆಸರಲ್ಲಿ ಅದೇ ಗುತ್ತಿಗೆ ಹಿಡಿದ. ಮೇಸ್ತ್ರಮ್ಮನಿಗೆ ಮಾತ್ರ ಆ ಬಯಲಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಬಾಯಿ ಜೋರು ಎಂಬ ಹೆಸರು ಅವರಿಗಿಂತ ಮೊದಲೇ ಪ್ರತಿ ಗೇಟಿಗೆ ಹೋಗಿ ನಿಂತಿರುತ್ತಿತ್ತು. ಕಡಲೆಕಾಯಿ ಬಿಡಿಸಿ, ಹುಣಸೆಹಣ್ಣು ಕುಟ್ಟಿ ಬದುಕಿದರು.

ನನಗೆ ದೊಡ್ಡೇರಿ ಹೋಬಳಿಯ ಶಾಲೆಯೊಂದರಲ್ಲಿ ಕೆಲಸವಾಯಿತು. ಫೋನು ಮಾಡಿದಾಗ, "ಏನು ಪಾಠ ಮಾಡ್ದೆ ಇವತ್ತು?" ಎಂದು ಕೇಳುತ್ತಿದ್ದರು. ಒಮ್ಮೆ ಹೆಮ್ಮೆಯಿಂದ ಹೇಳಿದೆ: ವಸ್ತುವಾದರೆ ಎರಡು, ಮೂರು; ಮನುಷ್ಯರಾದರೆ ಇಬ್ಬರು, ಮೂವರು ಎಂದು ಮಕ್ಕಳಿಗೆ ಕಲಿಸಿದೆ ಎಂದು. "ಶಾಲೇಲಿ ಕಲ್ಸಿದ್ಯ. ನಿಮ್ಮಮ್ಮಂಗೆ?" ಎಂದರು. ಆ ಭಾನುವಾರ ಊರಿಗೆ ಹೋಗಿ ಅಮ್ಮನೊಡನೆ ಜಗಳವಾಡಿದೆ. ಅಮ್ಮ ಬದಲಾಗಲಿಲ್ಲ. ನಾನು ಜಗಳ ಬಿಟ್ಟಿಲ್ಲ.

ಕಳೆದ ವರ್ಷ ಅವರ ಹೊಟ್ಟೆಯಲ್ಲಿ ಗೆಡ್ಡೆ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ತೀರಿಕೊಂಡ ಸುದ್ದಿ ಬಂದ ಕೂಡಲೇ ಹೋದೆ. ಗೋಡೆಯ ಬುದ್ಧನ ಪಟದ ಕೆಳಗೆ ಮಲಗಿಸಿದ್ದರು. ಆ ಹತ್ತು ಮಂದಿ ಸುತ್ತ ಕೂತಿದ್ದರು.

ಹೊತ್ತು ಏರುವಾಗ ಬೀದಿಯ ಬಾಯಲ್ಲಿ ಬಿಳಿ ಕಾರು ನಿಂತಿತು. ಗುತ್ತಿಗೆದಾರ. ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವ ಓಡಾಟದಲ್ಲಿದ್ದ. ತೊಡೆಯ ಮೇಲೆ ದೊಡ್ಡ ಹಾರವಿತ್ತು, ಹಿಂದಿನ ಸೀಟಿನಲ್ಲಿ ಫೋಟೋ ತೆಗೆಯುವವನಿದ್ದ. ನಾನು ಹೋಗಿ ಕಾರಿನ ಬಾಗಿಲಿಗೆ ಅಡ್ಡ ನಿಂತೆ.

ಗಾಜು ಇಳಿಸಿದ. "ಲೇ ರೈಟ್ರು, ನಾನೂ ಮನುಷ್ಯನೇ ಕಣ್ಲಾ. ಹೂವ ಹಾಕಿ ಹೊಂಟೋಗ್ತೀನಿ, ದಾರಿ ಬುಡು."

ಮೇಸ್ತ್ರಮ್ಮ ಬದುಕಿದ್ದರೆ ಬಹುಶಃ ಬಿಡುತ್ತಿದ್ದರು. ಒಳಗೆ ಕರೆದು, ಕೂರಿಸಿ, ಲೋಟದಲ್ಲಿ ನೀರು ಕೊಟ್ಟು, ಆಮೇಲೆ ಬೈಯುತ್ತಿದ್ದರು. ಅಷ್ಟು ದೊಡ್ಡತನ ನನ್ನಲ್ಲಿಲ್ಲ. ಬಾಗಿಲನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ಹೆಂಗಸರು ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು. ಕಾರು ಹಿಮ್ಮುಖವಾಗಿ ಬೀದಿ ದಾಟುವವರೆಗೂ ಯಾರೂ ಕದಲಲಿಲ್ಲ.

ಆಮೇಲೆ ಮೇಸ್ತ್ರಮ್ಮನನ್ನು ಎತ್ತಿಕೊಂಡೆವು. ನಾನೂ ಹೆಗಲು ಕೊಟ್ಟೆ.