ಶ್ರುತಿಯಂತ್ರದ ಎಂಜಿನಿಯರು

ಎಪ್ಪತ್ತರ ದಶಕದಲ್ಲಿ ತಿರುವನಂತಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಎಂಜಿನಿಯರು ಒಂದು ಕಡೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಕಾಫಿಯನ್ನೂ ಓಡಾಡುತ್ತಲೇ ಕುಡಿಯುತ್ತಿದ್ದರು. ಅಂಥವರು ಮಾಡುತ್ತಿದ್ದ ಸಂಗೀತ ಮಾತ್ರ ಗಾಳಿಯಿಲ್ಲದ ಹೊತ್ತಿನ ಹಿನ್ನೀರಿನ ಹಾಗೆ ನಿಶ್ಚಲ. ಹಳೇ ರೇಡಿಯೋಗಳ ಭಾಗಗಳಿಂದ ಅವರೊಂದು ಶ್ರುತಿಯಂತ್ರ ಕಟ್ಟಿದ್ದರು. ಅದು ಒಂದೇ ಸಮನೆ ನಾದ ಹಿಡಿದಿರುತ್ತಿತ್ತು. ಅವರ ಹೆಂಡತಿ ಅದರ ಜೊತೆ ನಿಧಾನವಾಗಿ ವೀಣೆ ಮೀಟಿದರೆ, ಒಂದೊಂದು ಸ್ವರವೂ ಟೇಪ್ ರೆಕಾರ್ಡರಿನಲ್ಲಿ ಸುತ್ತಿ ತುಸು ತಡವಾಗಿ ಮರಳಿ ಕೇಳಿಸುತ್ತಿತ್ತು. ಬ್ಯಾಂಕಿನಿಂದ ತಲೆ ಕೆಟ್ಟು ಬಂದ ನಾನು ಅಲ್ಲೇ ಗೋಡೆಗೊರಗಿ ಕೂತುಬಿಡುತ್ತಿದ್ದೆ. ಅವರಿಗೆ ಮಾತ್ರ ಸಮಾಧಾನವಿಲ್ಲ. “ಶ್ರುತಿ ಇನ್ನೂ ಒಂಚೂರು ಅಲ್ಲಾಡ್ತಿದೆ ಕಣ್ರೀ,” ಎನ್ನುತ್ತ ಗುಂಡಿ ತಿರುಗಿಸುವರು, ಕಿಟಕಿಗೆ ಹೋಗುವರು, ಮತ್ತೆ ಬಂದು ತಿರುಗಿಸುವರು.

ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ಯಂತ್ರದ ನಾದ ಕುಸಿದು ನಿಂತಿತು. ಅವರು ಫ್ಯೂಸಿನತ್ತ ಓಡಿದರು. ಆಕೆ ಮೀಟುವುದನ್ನು ಬಿಡಲಿಲ್ಲ.

“ಬನ್ನಿ ಇಲ್ಲಿ. ಕೂತ್ಕೊಂಡು ಶ್ರುತಿ ನೀವೇ ಹಿಡೀರಿ.”

“ನಾನಾ? ನನ್ನ ದನಿ ಅಲ್ಲಾಡತ್ತೆ.”

“ಅಲ್ಲಾಡ್ಲಿ.”

ಅವರು ಕೂತರು. ಕಣ್ಣು ಮುಚ್ಚಿ ಷಡ್ಜ ಹಿಡಿದರು. ಉಸಿರು ಸಾಲದೆ ಅದು ತಡವರಿಸಿತು, ಮತ್ತೆ ಬಂದು ವೀಣೆಗೆ ಸೇರಿತು. ಮೊದಮೊದಲು ಕುಣಿಯುತ್ತಿದ್ದ ಅವರ ಮೊಣಕಾಲು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ.

ಕರೆಂಟು ಬಂತು, ಯಂತ್ರ ಗುಂಯ್ ಎಂದಿತು. ಅವರು ಕಣ್ಣು ತೆರೆಯುವ ಮೊದಲೇ ಆಕೆ ಕೈ ಚಾಚಿ ಅದನ್ನು ಆರಿಸಿದರು.